ಹೆಂಗಸರ ಬ್ಯಾಚಿನ ಹುಳುಕಡ್ಡಿ

ಈ ಕಥೆ ಹೇಳುವುದಕ್ಕೆ ಮೊದಲೇ ಕ್ಷಮೆ ಕೇಳಿಕೊಳ್ಳುವುದು ಒಳ್ಳೆಯದು. ಇದನ್ನು ಬರೆಯುತ್ತಿರುವ ಕೈ ಜಿಮ್ಮಿನ ಕಬ್ಬಿಣ ಎತ್ತಿದ್ದೂ ಅಲ್ಲ, ಅಲ್ಲಿನ ನೆಲ ಒರೆಸಿದ್ದೂ ಅಲ್ಲ. ಹೆಂಗಸರ ಮೈಮೇಲಿನ ಕಾಯಿಲೆಯನ್ನು ನಾಲ್ಕು ಜನರ ಮುಂದಿಡುವುದು ಮರ್ಯಾದೆಯೇ ಎಂಬ ಅಳುಕೂ ಇದೆ. ಆದರೆ ಆ ಮರ್ಯಾದೆಯನ್ನು ಜಿಮ್ಮಿನ ಕೆಲಸದ ಇಂದ್ರಮ್ಮನಿಗೆ ಯಾರೂ ಕೊಡಲಿಲ್ಲ, ಅದಕ್ಕೇ ಹೇಳಬೇಕಾಯಿತು. ಹೆಚ್ಚುಕಡಿಮೆಯಾದರೆ ಓದುವವರು ಹೊಟ್ಟೆಗೆ ಹಾಕಿಕೊಳ್ಳಬೇಕು.

ಹೇರೋಹಳ್ಳಿಯಲ್ಲಿ ಹಳೇ ಊರು ಮುಗಿದು ಹೊಸ ಸೈಟುಗಳು ಶುರುವಾಗುವ ಕಡೆ ಚಿಕ್ಕಣ್ಣನವರ ಮೂರಂತಸ್ತಿನ ಕಟ್ಟಡವಿದೆ. ಕೆಳಗೆ ಹಾರ್ಡ್‌ವೇರ್ ಅಂಗಡಿ, ಮೇಲೆ ಅವರ ಮನೆ, ನಡುವೆ ಮಗ ಮಧುಕುಮಾರ ನಡೆಸುವ ಮುನೇಶ್ವರ ಫಿಟ್‌ನೆಸ್. ಮೊದಲು ಅಲ್ಲಿ ರಾಗಿ ಹೊಲವಿತ್ತು. ಇಂದ್ರಮ್ಮನ ತಾಯಿ ಆ ಹೊಲದಲ್ಲಿ ಕಳೆ ಕಿತ್ತವಳು. ಐವತ್ತೆರಡು ವರ್ಷದ ಇಂದ್ರಮ್ಮ ನಾಲ್ಕು ವರ್ಷದಿಂದ ಅದೇ ಜಾಗದಲ್ಲಿ ನೆಲ, ಬೆಂಚು, ಮ್ಯಾಟು ಒರೆಸುತ್ತಿದ್ದಳು. ಬೆಳಿಗ್ಗೆ ಗಂಡಸರ ಬ್ಯಾಚು ಮುಗಿದ ಮೇಲೆ ಒಂದು ಸಲ, ಹತ್ತೂವರೆಯ ಹೆಂಗಸರ ಬ್ಯಾಚು ಮುಗಿದ ಮೇಲೆ ಇನ್ನೊಂದು ಸಲ.

ಆಷಾಢ ಮುಗಿಯುತ್ತಿದ್ದ ಒಂದು ಸೋಮವಾರ ಅವಳು ಹತ್ತು ಗಂಟೆಗೆ ಮೆಟ್ಟಿಲು ಹತ್ತಿ ಬಂದಾಗ ಹೆಂಗಸರು ಆಗಲೇ ಬಂದು ನಿಂತಿದ್ದರು. ಹಾಡು ಹಾಕಿರಲಿಲ್ಲ. ಟ್ರೆಡ್‌ಮಿಲ್ ಓಡುತ್ತಿರಲಿಲ್ಲ. ಯಾರದ್ದೋ ಮನೆಯಲ್ಲಿ ಸಾವಾದಾಗ ನಿಲ್ಲುವ ಹಾಗೆ ಗುಂಪಾಗಿ ನಿಂತು ಅವಳನ್ನೇ ನೋಡುತ್ತಿದ್ದರು.

"ಇಂದ್ರಮ್ಮ, ಒಂದ್ನಿಮಿಷ ಬನ್ನಿ ಇಲ್ಲಿ," ಮಧುಕುಮಾರ ಕೌಂಟರಿನ ಹಿಂದಿನಿಂದ ಕರೆದ.

ಪೊರಕೆ ಹಿಡಿಯಲು ಹೋಗುತ್ತಿದ್ದವಳು ತಿರುಗಿ ಬಂದಳು.

"ಲೇಡೀಸ್ ಬ್ಯಾಚಲ್ಲಿ ಹದಿನಾಲ್ಕು ಜನದಲ್ಲಿ ಒಂಬತ್ತು ಜನಕ್ಕೆ ಹುಳುಕಡ್ಡಿ ಆಗಿದೆ. ಗೊತ್ತಾ ನಿಮಗೆ?"

ಗೊತ್ತಿಲ್ಲದೆ ಏನು. ತಿಂಗಳಿಂದ ಅವರು ಕೆರೆದುಕೊಳ್ಳುವುದನ್ನು ಅವಳೇ ನೋಡುತ್ತಿದ್ದಳು. ಕಂಕುಳಲ್ಲಿ, ಕತ್ತಿನ ಹಿಂದೆ, ಸೊಂಟದಲ್ಲಿ ಬಳೆಯಂತೆ ದುಂಡಗೆ ಕೆಂಪು ಅಂಚು, ನಡುವೆ ಬಿಳಿಚಿದ ಚರ್ಮ. ಬೆವರು ತಾಗಿದರೆ ಸಾಕು, ಪ್ರಾಣ ಹೋಗುವಷ್ಟು ಕಡಿತ.

ಗುಂಪಿನ ಮುಂದೆ ಅಂಬುಜಾ ನಿಂತಿದ್ದರು. ಪಕ್ಕದ ಶ್ರೀಗಂಧದ ಕಾವಲು ಬಡಾವಣೆಯವರು, ಅರವತ್ತು ದಾಟಿದವರು. ಬ್ಯಾಚಿನಲ್ಲಿ ಅವರದೇ ಹಿರಿತನ. ಇಂದ್ರಮ್ಮ ಕುಡಿಯುವ ನೀರಿನ ಲೋಟ ಬೇರೆ ಇರಲಿ ಎಂದು ಮೊದಲ ದಿನವೇ ಹೇಳಿ ಸ್ಟೀಲಿನದೊಂದನ್ನು ಮನೆಯಿಂದ ತಂದುಕೊಟ್ಟವರೂ ಅವರೇ.

"ತಪ್ಪು ತಿಳ್ಕೋಬೇಡಿ ಇಂದ್ರಮ್ಮ," ಅಂಬುಜಾ ಮೆತ್ತಗೆ ಶುರುಮಾಡಿದರು. "ನಾವು ನಮ್ಮ ನಮ್ಮ ಮ್ಯಾಟ್ ಮೇಲೆ ಇರ್ತೀವಿ. ಎಲ್ಲಾ ಮ್ಯಾಟೂ ಮುಟ್ಟೋರು ಅಂದ್ರೆ ನೀವೊಬ್ರೇ. ವರಮಹಾಲಕ್ಷ್ಮಿ ಬೇರೆ ಬಂತು. ಈ ಕೈಯಲ್ಲಿ ಯಾರಿಗೆ ಅರಿಶಿನ ಕುಂಕುಮ ಕೊಡೋದು ಹೇಳಿ? ಒಂದ್ಸಲ ತೋರಿಸಿಬಿಟ್ರೆ ಎಲ್ರಿಗೂ ಸಮಾಧಾನ."

"ಏನು ತೋರಿಸ್ಬೇಕು ಮೇಡಂ?"

ಅಂಬುಜಾ ಪಕ್ಕಕ್ಕೆ ನೋಡಿದರು. ಹಿಂದಿನಿಂದ ಚೈತ್ರ ಎಂಬ ಹುಡುಗಿ, ಮಗುವನ್ನು ಶಾಲೆಗೆ ಬಿಟ್ಟು ಓಡಿ ಬರುವವಳು, ಬೇಗ ಮುಗಿದರೆ ಸಾಕು ಎನ್ನುವ ಹಾಗೆ ಹೇಳಿದಳು: "ಮೈ ಆಂಟಿ. ಚೇಂಜಿಂಗ್ ರೂಮಲ್ಲಿ. ನಾವೆಲ್ಲಾ ಹೆಂಗಸ್ರೇ ತಾನೇ."

ಇಂದ್ರಮ್ಮ ಟ್ರೇನರ್ ಮಾನಸಳ ಕಡೆ ನೋಡಿದಳು. ತನ್ನ ಜೊತೆ ಊಟದ ಡಬ್ಬಿ ಹಂಚಿಕೊಂಡು ತಿಂದಿದ್ದ ಹುಡುಗಿ ಮೊಬೈಲಿನಲ್ಲಿ ಮುಖ ಹುದುಗಿಸಿಕೊಂಡಿದ್ದಳು.

"ನಾನೇನು ಸಂತೆಗೆ ಹಿಡ್ಕೊಂಡ್ ಬಂದ ಹಸುನಾ? ಹಲ್ಲು ಬಿಡಿಸಿ, ಬಾಲ ಎತ್ತಿ ನೋಡಕ್ಕೆ?"

"ಹಂಗ್ಯಾಕೆ ಮಾತಾಡ್ತೀರ? ಇಲ್ಲ ಅಂದ್ರೆ ತೋರಿಸೋಕೇನು?" ಎಂದ ಮಧುಕುಮಾರ.

"ತೋರ್ಸಲ್ಲ."

"ತೋರಿಸಲ್ಲ ಅಂದ್ರೆ ಇದೆ ಅಂತ ತಾನೇ ಅರ್ಥ?"

ಇತ್ತು. ಅವಳ ಎಡಸೊಂಟದಲ್ಲಿ, ಲಂಗದ ಲಾಡಿ ಬಿಗಿಯುವ ಕಡೆ, ರೂಪಾಯಿ ಅಗಲದ ಒಂದು ದುಂಡು ಗುರುತು ಎಷ್ಟೋ ದಿನದಿಂದ ಇತ್ತು. ಅದು ಇದ್ದದ್ದರಿಂದಲೇ ಸಿಟ್ಟು ಇಮ್ಮಡಿಯಾಯಿತು. ಇಲ್ಲದಿದ್ದರೆ ಸೆರಗು ಸರಿಸಿ, ನೋಡ್ಕೊಳ್ರಮ್ಮ ಎಂದು ಎಲ್ಲರ ಬಾಯಿಗೂ ಬೀಗ ಹಾಕಬಹುದಿತ್ತು.

ಮಧುಕುಮಾರ ಅಷ್ಟಕ್ಕೇ ಬಿಡಲಿಲ್ಲ. "ಯುಗಾದಿಗೆ ಎರಡು ಡಜನ್ ಮೈಕ್ರೋಫೈಬರ್ ಬಟ್ಟೆ ತರಿಸ್ದೆ. ಬೆಂಚಿಗೊಂದು, ಮ್ಯಾಟಿಗೊಂದು ಅಂತ. ಇವತ್ತು ಬೆಳಿಗ್ಗೆ ಹುಡುಕಿದ್ರೆ ಒಂದೂ ಇಲ್ಲ. ಇರೋದು ಅಪ್ಪನ ಹರಕು ಪಂಚೆ. ಎಲ್ಲಿಗೋಯ್ತು?"

"ಯಾವ ಬಟ್ಟೆ? ನಾನು ಕಣ್ಣಲ್ಲೂ ಕಂಡಿಲ್ಲ."

"ಹಂಗಾದ್ರೆ ಕಾಲು ಬಂದು ನಡ್ಕೊಂಡ್ ಹೋದ್ವಾ?"

ಹೆಂಗಸರಲ್ಲಿ ಯಾರೋ ಕಿಸಕ್ಕನೆ ನಕ್ಕರು. ಕಳ್ಳಿ ಎಂಬ ಮಾತನ್ನು ಯಾರೂ ಆಡಲಿಲ್ಲ. ಆಡುವ ಅಗತ್ಯವೂ ಇರಲಿಲ್ಲ. ಇಂದ್ರಮ್ಮನ ಸಿಟ್ಟಿಗೆ ಇದೊಂದು ಕೆಟ್ಟ ಚಾಳಿ: ಬೇಕಾದಾಗ ನಾಲಗೆಗೆ ಬರುವುದಿಲ್ಲ, ಮನೆ ಸೇರಿದ ಮೇಲೆ ಸಾಲುಸಾಲಾಗಿ ಬರುತ್ತದೆ.

"ನಾಳೆಯಿಂದ ಬರೋದು ಬೇಡ," ಎಂದ ಮಧುಕುಮಾರ. ಅಲ್ಲಿಯವರೆಗೆ 'ನೀವು' ಎನ್ನುತ್ತಿದ್ದವನು ಸೇರಿಸಿದ: "ಹೋಗು ನೀನು."

ಹೇರೋಹಳ್ಳಿಯ ರಸ್ತೆಯಲ್ಲಿ ಹಳ್ಳ ಯಾವುದು ದಾರಿ ಯಾವುದು ಎಂದು ನೋಡಿಕೊಂಡೇ ನಡೆಯಬೇಕು. ಅವತ್ತು ಇಂದ್ರಮ್ಮ ಎರಡನ್ನೂ ನೋಡಲಿಲ್ಲ. ಆಷಾಢದ ಗಾಳಿ ಸೆರಗನ್ನು ಎಳೆದಾಡುತ್ತಿತ್ತು. ಮೈಯೆಲ್ಲ ಉರಿಯುತ್ತಿತ್ತು. ತಲೆಯೊಳಗೆ ಜಗಳ ಈಗ ಶುರುವಾಯಿತು.

ಬಟ್ಟೆ ಕೇಳ್ತೀಯಾ ಮಧಣ್ಣ, ಬಟ್ಟೆ? ನೆಲಕ್ಕೊಂದು, ಬೆಂಚಿಗೊಂದು, ಬಚ್ಚಲಿಗೊಂದು ಅಂತ ಪಂಚೆ ತುಂಡು ಬೇರೆ ಬೇರೆ ಮಾಡಿಕೊಂಡವಳು ನಾನು. ಒಗೆದು ಬಾಲ್ಕನಿ ಕಂಬಿ ಮೇಲೆ ಬಿಸಿಲಿಗೆ ಹರವುತ್ತಿದ್ದೆ. ಜಿಮ್ಮಿನ ಮುಂದೆ ಒರೆಸೋ ಬಟ್ಟೆ ನೇತಾಡಿದರೆ ಯಾರು ಸೇರುತ್ತಾರೆ ಅಂತ ಮೆಟ್ಟಿಲ ಕೆಳಗಿನ ಕತ್ತಲು ಗೂಡಿಗೆ ಹಾಕಿಸಿದವನು ಯಾರು? ಅಲ್ಲಿ ಹಾಕಿದ ಬಟ್ಟೆ ಮರುದಿನ ಮುಟ್ಟಿದರೆ ತಣ್ಣಗೆ ಕಪ್ಪೆ ಮುಟ್ಟಿದ ಹಾಗಿರುತ್ತಿತ್ತು. ಆ ಹಸಿ ಬಟ್ಟೆಯಲ್ಲೇ ಒರೆಸಿದೆ. ಒರೆಸು ಅಂದೆ, ಒರೆಸಿದೆ.

ಔಷಧ ಕೇಳ್ತೀಯಾ? ಮ್ಯಾಟಿಗೆ ಹೊಡೆಯುವ ಬಾಟಲಿಯ ಔಷಧದ ಕ್ಯಾನು ಯುಗಾದಿ ಮುಗಿದ ತಿಂಗಳಿಗೇ ಖಾಲಿ. ಕೇಳಿದರೆ, ಬರುತ್ತೆ ಬರುತ್ತೆ, ಅಲ್ಲೀವರೆಗೂ ನೀರು ತುಂಬಿಸಿಡಿ, ಖಾಲಿ ಬಾಟ್ಲಿ ಕಂಡ್ರೆ ಚೆನ್ನಾಗಿರಲ್ಲ ಅಂದವನು ನೀನು. ಬಿಳಿ ಬಾಟಲಿ, ಒಳಗಿನದು ಯಾರಿಗೂ ಕಾಣದು. ಹೆಂಗಸರು ಪುಸ್ಸೆಂದು ಹೊಡೆದು, ಆಹಾ ಸ್ವಚ್ಛವಾಯಿತು ಎಂದು ಮಲಗುತ್ತಿದ್ದರು. ಏಸಿ ಹಾಕಿಸಿದ ಮೇಲೆ ಕಿಟಕಿ ತೆಗೆಯುವಂತಿಲ್ಲ. ಬೆವರು ಆರುವ ಮುಂಚೆಯೇ ಮ್ಯಾಟು ಸುತ್ತಿ ಮೂಲೆಗೆ ನಿಲ್ಲಿಸಬೇಕು. ಬಿಚ್ಚಿದಾಗ ಬರುವ ಮುಗ್ಗಲು ವಾಸನೆ ಮೊದಲು ನನ್ನ ಮೂಗಿಗೆ.

ಈ ಜಗಳದಲ್ಲಿ ಅವಳು ಗೆಲ್ಲುತ್ತಲೇ ಹೋದಳು. ಮನೆ ಬಾಗಿಲಿಗೆ ಬರುವಾಗ ಮಾತ್ರ ಒಂದು ಕಡೆ ಕಾಲು ತೊಡರಿತು. ಬಾಟಲಿಗೆ ನೀರು ತುಂಬಿದ ಕೈ ಯಾರದ್ದು? ಮಧುಕುಮಾರ ಹೇಳಿದ, ಸರಿ. ತುಂಬಿದವಳು ನೀನಲ್ಲವೇ ಇಂದ್ರಿ? ಯಾರಿಗಾದರೂ ಒಂದು ಮಾತು ಹೇಳಿದೆಯಾ? ಬಾಗಿಲ ಚಿಲಕವನ್ನು ರಪ್ಪೆಂದು ಎಳೆದಳು.

ಸಂಜೆ ಮಗಳು ಲತಾ ಗಾರ್ಮೆಂಟ್ಸಿನಿಂದ ಬಂದಳು. ಬಂದವಳೇ ಮೊಬೈಲು ಮುಂದೆ ಹಿಡಿದಳು. ಮಾನಸ ಕಳಿಸಿದ್ದಳಂತೆ. ಜಿಮ್ಮಿನ ಗ್ರೂಪಿನಲ್ಲಿ ಮಧುಕುಮಾರ ಹಾಕಿದ್ದ ಮೆಸೇಜು. ಲತಾ ಓದಿದಳು:

"ಪ್ರಿಯ ಸದಸ್ಯರೇ, ಇನ್ಫೆಕ್ಷನ್ ದೂರು ಬಂದ ಕಾರಣ ಕ್ಲೀನಿಂಗ್ ಕೆಲಸದ ಇಂದ್ರಮ್ಮ ಅವರನ್ನು ತೆಗೆಯಲಾಗಿದೆ. ಕೆಲವು ವಸ್ತುಗಳೂ ಕಾಣೆಯಾಗಿವೆ. ಜಿಮ್ ಈಗ ಸಂಪೂರ್ಣ ಸೇಫ್. ದಯವಿಟ್ಟು ಎಂದಿನಂತೆ ಬನ್ನಿ."

ಅದರ ಕೆಳಗೆ ಇಪ್ಪತ್ತು ಮೂವತ್ತು ಕೈ ಮುಗಿದ ಚಿತ್ರಗಳು.

ಆ ಗ್ರೂಪಿನಲ್ಲಿ ಹೇರೋಹಳ್ಳಿಯ ಅರ್ಧ ಊರೇ ಇತ್ತು. ಇಂದ್ರಮ್ಮ ಬೆಳಿಗ್ಗೆ ಪಾತ್ರೆ ತೊಳೆಯುವ ಎರಡು ಮನೆಗಳಲ್ಲಿ ಒಂದು ಮನೆಯವರು ರಾತ್ರಿಯ ಅಡಿಗೆಗೆ ಮೊದಲೇ ಫೋನು ಮಾಡಿ, ಸ್ವಲ್ಪ ದಿನ ಬರಬೇಡಿ, ಮನೇಲಿ ಪಾಪು ಇದೆ ನೋಡಿ ಎಂದರು.

"ಅಮ್ಮ," ಎಂದಳು ಲತಾ. "ನಿನಗೇ ಇತ್ತಾ ಮೊದ್ಲು?"

"ನೀನೂ ಅವರ ಜೊತೆ ಸೇರ್ಕೋ! ನೀನೂ ಲಂಗ ಬಿಚ್ಚು ಅನ್ನು!"

"ಕೂಗಾಡ್ಬೇಡ. ನಾನೂ ನೀನೂ ಒಂದೇ ಚಾಪೆ ಮೇಲೆ ಮಲಗ್ತೀವಿ, ಅದಕ್ಕೆ ಕೇಳ್ದೆ."

ಬಡವನ ಸಿಟ್ಟು ದವಡೆಗೆ ಮೂಲ ಎನ್ನುತ್ತಾರೆ. ಇಂದ್ರಮ್ಮ ಹಲ್ಲು ಕಚ್ಚಿಕೊಂಡು ಕುಳಿತಳು. ಮಗಳಿಗೂ ಹೇಳದ ಒಂದು ಸಂಗತಿ ಅವಳ ಹತ್ತಿರವಿತ್ತು.

ಹೆಂಗಸರು ಬಟ್ಟೆ ಬದಲಾಯಿಸುವ ಕೋಣೆಯಲ್ಲಿ, ಕನ್ನಡಿಯ ಪಕ್ಕದ ಹಲಗೆಯ ಮೇಲೆ, ಒಂದು ಮುಲಾಮಿನ ಟ್ಯೂಬು ಇರುತ್ತಿತ್ತು. ತಂದಿಟ್ಟವರು ಅಂಬುಜಾ. ಅವರಿಗೆ ಕಂಕುಳಲ್ಲಿ ಆದಾಗ ಮೆಡಿಕಲ್ ಶಾಪಿನವನು ಕೊಟ್ಟನಂತೆ. ಎರಡೇ ದಿನಕ್ಕೆ ಕಡಿತ ನಿಂತಿತಂತೆ. ಪಾಪ, ಉಳಿದವರಿಗೂ ಆಗಲಿ ಎಂದು ಅಲ್ಲೇ ಇಟ್ಟರು. ಮುಗಿದಾಗ ತಾವೇ ಹೊಸದು ತಂದರು. ನೆತ್ತಿಗೆ ಎಣ್ಣೆ ಹಚ್ಚಿಕೊಳ್ಳುವ ಹಾಗೆ ಒಬ್ಬರಾದ ಮೇಲೆ ಒಬ್ಬರು ಬೆರಳಿಗೆ ಹಿಂಡಿಕೊಂಡು, ಗುರುತಿನ ಮೇಲೆ ಉಜ್ಜಿ, ಅದೇ ಬೆರಳಲ್ಲಿ ಇನ್ನಷ್ಟು ಹಿಂಡಿಕೊಳ್ಳುತ್ತಿದ್ದರು. "ಟವಲ್ ಮರ್ತೆ ಕಣೇ, ನಿಂದು ಕೊಡೇ" ಎಂದು ಒಬ್ಬರ ಟವಲಿನಲ್ಲಿ ಇನ್ನೊಬ್ಬರು ಒರೆಸಿಕೊಳ್ಳುತ್ತಿದ್ದರು. ಆಮೇಲೆ ಎಷ್ಟೋ ಜನ ಅದೇ ಬೆವರಿನ ಬಟ್ಟೆಯಲ್ಲಿ ತರಕಾರಿಗೆ, ಮಗುವನ್ನು ಕರೆತರಲು ಶಾಲೆಗೆ ಹೋಗುತ್ತಿದ್ದರು. ಇಂದ್ರಮ್ಮನ ಲೋಟ ಬೇರೆ. ಟ್ಯೂಬು ಮಾತ್ರ ಎಲ್ಲರದೂ ಒಂದೇ.

ತನ್ನ ಸೊಂಟದಲ್ಲಿ ಕಡಿತ ಜೋರಾದಾಗ ಇಂದ್ರಮ್ಮನೂ ಯಾರೂ ಇಲ್ಲದ ಹೊತ್ತಿನಲ್ಲಿ ಆ ಟ್ಯೂಬಿನಿಂದ ಬೆರಳಿಗಾಗುವಷ್ಟು ತೆಗೆದುಕೊಂಡಿದ್ದಳು. ಒಂದು ಸಲವಲ್ಲ, ಐದಾರು ಸಲ. ಕೇಳಿದ್ದರೆ ಅಂಬುಜಾ ಕೊಡುತ್ತಿದ್ದರೋ ಏನೋ. ಕೇಳಲು ಬಾಯಿ ಬಂದಿರಲಿಲ್ಲ.

ಮರುದಿನ ಸರ್ಕಾರಿ ಆಸ್ಪತ್ರೆಯಲ್ಲಿ ಸರದಿ ಬರುವಾಗ ಹನ್ನೊಂದು ಗಂಟೆ ದಾಟಿತ್ತು. ಚಿಕ್ಕ ವಯಸ್ಸಿನ ಡಾಕ್ಟರಮ್ಮ. ಗುರುತು ನೋಡಿದವರೇ ಮೊದಲು ಕೇಳಿದ ಮಾತು: "ಏನು ಹಚ್ಚಿದ್ರಿ ಇದಕ್ಕೆ?"

"ಟ್ಯೂಬು. ಮೆಡಿಕಲ್ ಶಾಪಿಂದು."

"ಎರಡು ದಿನ ಕಡಿತ ನಿಲ್ತು, ಆಮೇಲೆ ಜಾಸ್ತಿ ಆಯ್ತು. ಅಲ್ವಾ?"

ಇಂದ್ರಮ್ಮನಿಗೆ ಆಶ್ಚರ್ಯವಾಯಿತು.

"ಒಳ್ಳೇ ಕಥೆ ಆಯ್ತು," ಎಂದರು ಡಾಕ್ಟರಮ್ಮ. ಅವರಿಗೂ ಸಿಟ್ಟು ಬಂದಿತ್ತು, ಆದರೆ ಇವಳ ಮೇಲಲ್ಲ. "ದಿನಾ ಇದೇ ಹೇಳಿ ಹೇಳಿ ನನ್ನ ಗಂಟ್ಲು ಬಿತ್ತು. ಅಂಥ ಟ್ಯೂಬಲ್ಲಿ ಸ್ಟೀರಾಯ್ಡ್ ಇರುತ್ತಮ್ಮ. ಕೆಂಪು, ಉರಿ ಎಲ್ಲಾ ಅಡಗಿಸುತ್ತೆ. ವಾಸಿ ಆಯ್ತು ಅಂತ ನೀವು ಕೂತಿರ್ತೀರ. ಒಳಗೆ ಹುಳುಕಡ್ಡಿ ಯಾರ ಭಯಾನೂ ಇಲ್ದೆ ಬೆಳೀತಿರುತ್ತೆ. ಆಮೇಲೆ ಸುಲಭಕ್ಕೆ ಬಗ್ಗಲ್ಲ."

"ಒಂಬತ್ತು ಜನಕ್ಕೆ ಆಗಿದೆ ಡಾಕ್ಟ್ರಮ್ಮ. ಎಲ್ರೂ ಅದೇ ಹಚ್ಚವ್ರೆ."

ಡಾಕ್ಟರಮ್ಮ ಪೆನ್ನು ಕೆಳಗಿಟ್ಟರು. ಜಿಮ್ಮು, ಮ್ಯಾಟು, ಬಟ್ಟೆ, ಟವಲು, ಎಲ್ಲವನ್ನೂ ಕೇಳಿ ತಿಳಿದುಕೊಂಡರು. ಕೊನೆಗೆ ಇಂದ್ರಮ್ಮ ಕೇಳಬೇಕೆಂದು ಬಂದಿದ್ದ ಒಂದೇ ಪ್ರಶ್ನೆಯನ್ನು ಕೇಳಿದಳು: "ಯಾರಿಂದ ಯಾರಿಗೆ ಬಂತು ಅಂತ ಹೇಳಕ್ಕಾಗುತ್ತಾ?"

"ಆಗಲ್ಲಮ್ಮ. ತಗುಲಿ ಒಂದು ವಾರ, ಎರಡು ವಾರ ಆದ್ಮೇಲೆ ಕಾಣಿಸ್ಕೊಳ್ಳುತ್ತೆ. ನಿಮ್ಮಿಂದ ಅವರಿಗೆ ಹೋಗಿರಬಹುದು. ಅವರಿಂದ ನಿಮಗೆ ಬಂದಿರಬಹುದು. ಯಾರದ್ದೋ ಮನೆಯಿಂದ್ಲೂ ಬಂದಿರಬಹುದು."

'ನಿಮ್ಮಿಂದ ಅವರಿಗೆ' ಎಂಬ ಮಾತು ಮುಳ್ಳಿನ ಹಾಗೆ ಚುಚ್ಚಿತು. ಆದರೂ ಅವಳು ಎದ್ದು ಹೋಗಲಿಲ್ಲ. "ಏನೇನ್ ಮಾಡ್ಬೇಕು ಅಂತ ಬರ್ದುಕೊಡಿ. ಕನ್ನಡದಲ್ಲಿ ಬರೀರಿ. ನನಗಲ್ಲ, ಅವರಿಗೆ."

ಚೀಟಿಯ ಹಿಂಬದಿಯಲ್ಲಿ ಡಾಕ್ಟರಮ್ಮ ದುಂಡಗೆ ಬರೆದುಕೊಟ್ಟರು.

ಗುರುವಾರ ಹನ್ನೊಂದು ಗಂಟೆಗೆ, ಹೆಂಗಸರ ಬ್ಯಾಚು ನಡೆಯುತ್ತಿರುವಾಗ, ಇಂದ್ರಮ್ಮ ಮತ್ತೆ ಆ ಮೆಟ್ಟಿಲು ಹತ್ತಿದಳು. ಬಾಗಿಲಲ್ಲಿ ಚಪ್ಪಲಿ ಬಿಟ್ಟು ನೇರ ಒಳಗೆ ನಡೆದು, ಹಾಡು ಬರುತ್ತಿದ್ದ ಪೆಟ್ಟಿಗೆಯ ಗುಂಡಿ ಒತ್ತಿ ನಿಲ್ಲಿಸಿದಳು.

"ಏಯ್, ಏನಿದು?" ಮಧುಕುಮಾರ ಎದ್ದು ಬಂದ.

"ನೀವು ಗಂಡಸ್ರು ಒಸಿ ಆ ಕಡೆ ತಿರುಗ್ಕೊಳಿ. ಇವರು ಕೇಳಿದ್ದು ಕೊಡಕ್ಕೆ ಬಂದಿದೀನಿ."

ಅವನು ತಿರುಗಿದನೋ ಇಲ್ಲವೋ ನೋಡಲಿಲ್ಲ. ಸೆರಗು ಸರಿಸಿ, ಲಂಗದ ಲಾಡಿಯನ್ನು ಬೆರಳಗಲ ಕೆಳಗಿಳಿಸಿ, ಎಡಸೊಂಟವನ್ನು ಬೆಳಕಿಗೆ ತಿರುಗಿಸಿ ನಿಂತಳು.

"ನೋಡಿ. ಐತೆ. ನನಗೂ ಐತೆ. ಸಮಾಧಾನ ಆಯ್ತಾ?"

ಮೊದಲು ಬಾಯಿ ಬಿಟ್ಟವರು ಅಂಬುಜಾ. "ಅಯ್ಯೋ ರಾಮ! ಇದ್ದೂ ಇಲ್ಲ ಅಂತ ಸುಳ್ಳು ಹೇಳಿದ್ರಲ್ಲ!"

"ಇಲ್ಲ ಅಂತ ಅನ್ಲಿಲ್ಲ ಮೇಡಂ. ತೋರ್ಸಲ್ಲ ಅಂದೆ."

ಇಂದ್ರಮ್ಮ ಸೆರಗು ಸರಿಮಾಡಿಕೊಂಡು ಬೆಂಚಿನ ಮೇಲಿದ್ದ ಬಿಳಿ ಬಾಟಲಿಯನ್ನು ಕೈಗೆತ್ತಿಕೊಂಡಳು.

"ಈಗ ನಿಮ್ಮದು ನೋಡಣ. ಮಧಣ್ಣ, ಇದರಲ್ಲಿ ಏನೈತೆ?"

"ಸ್ಯಾನಿಟೈಜರ್. ಕೆಳಗಿಡಿ ಅದನ್ನ."

"ಸೋಮವಾರದಿಂದೀಚೆಗೆ ಹೊಸದಾಗಿ ತುಂಬ್ಸಿದೀಯಾ?"

ಇಂದ್ರಮ್ಮ ಮುಚ್ಚಳ ತಿರುಗಿಸಿ, ಮೂಸಿ ನೋಡಿ, ಎಲ್ಲರೂ ನೋಡುತ್ತಿದ್ದಂತೆ ಬಾಟಲಿಯನ್ನು ಬಾಯಿಗೆತ್ತಿ ಎರಡು ಗುಟುಕು ಗಟಗಟ ಕುಡಿದಳು. ಚೈತ್ರ "ಅಯ್ಯೋ ಆಂಟೀ!" ಎಂದು ಕೂಗಿಕೊಂಡಳು.

"ಹೆದರ್ಬೇಡಮ್ಮ. ಸಾಯಲ್ಲ. ನೀರು. ಕಾವೇರಿ ನೀರೂ ಅಲ್ಲ, ಬೋರ್ ನೀರು. ಮೂರು ತಿಂಗಳಿಂದ ಇದನ್ನೇ ಹೊಡ್ಕೊಂಡು ಮಲಗಿದೀರ ನೀವು. ತುಂಬು ಅಂದೋನು ಅವನು. ತುಂಬಿದೋಳು ನಾನು. ನಾನು ಬಾಯಿ ಬಿಡ್ಬೇಕಿತ್ತು, ಬಿಡ್ಲಿಲ್ಲ. ಅದು ನನ್ನ ತಪ್ಪು."

"ಮಧು, ಇದು ನಿಜಾನಾ?" ಅಂಬುಜಾ ಕೇಳಿದರು.

"ಸ್ಟಾಕ್ ಬರೋದು ಲೇಟ್ ಆಯ್ತು ಆಂಟಿ..."

"ಮೂರು ತಿಂಗಳಾ?"

ಕೂಗಾಟ ಮೇಲಿನ ಮನೆಗೂ ಕೇಳಿಸಿತ್ತು. ಮಧುಕುಮಾರನ ತಾಯಿ ಮುನಿತಾಯಮ್ಮ ಮಂಡಿ ಹಿಡಿದುಕೊಂಡು ಒಂದೊಂದೇ ಮೆಟ್ಟಿಲು ಇಳಿದು ಬಂದರು. "ಯಾಕಮ್ಮಿ ಇಂದ್ರಿ, ಊರೆಲ್ಲಾ ಕೇಳಂಗೆ?"

"ನಿಮ್ಮ ಮಗ ನನ್ನ ಕಳ್ಳಿ ಅಂತ ಫೋನಲ್ಲಿ ಸಾರವ್ನೆ ಅಮ್ಮ. ಎರಡು ಡಜನ್ ಬಟ್ಟೆ ಕದ್ದಿದೀನಂತೆ."

"ಯಾವ ಬಟ್ಟೆ?"

"ಯುಗಾದಿಗೆ ತರಿಸಿದ್ದೆ ಅಲ್ಲಮ್ಮ," ಎಂದ ಮಧುಕುಮಾರ. "ನೀಲಿ, ಹಳದಿ. ನಿನ್ ಕೈಲೇ ಕೊಟ್ಟು ಇಂದ್ರಮ್ಮಂಗೆ ಕೊಡು ಅಂದಿದ್ದೆ."

ಮುನಿತಾಯಮ್ಮನ ಮುಖ ನೋಡಿದ ಕೂಡಲೇ ಇಂದ್ರಮ್ಮನಿಗೆ ತಿಳಿಯಿತು.

"ಅವಾ? ಬೀರೂನಲ್ಲಿ ಅವೆ ಕಣೋ," ಎಂದರು ಮುನಿತಾಯಮ್ಮ. "ಒಳ್ಳೆ ಮಗಿನ ಮೈ ಇದ್ದಂಗೆ ಮೆತ್ತಗಿದ್ವು. ಕಂಡೋರ ಬೆವರು ಒರಸಿ ಯಾಕೆ ಹಾಳು ಮಾಡದು? ನಿಮ್ಮಪ್ಪನ ಹಳೇ ಪಂಚೆ ಹರಿದು ಕೊಟ್ಟೆ. ಅವನ್ನ ವರಮಾಲಕ್ಷ್ಮಿಗೆ ಬಂದೋರಿಗೆ ರವಿಕೆ ಕಣದ ಜೊತೆ ಒಂದೊಂದು ಇಟ್ಟು ಕೊಡಣ ಅಂತ ಮಡಗಿದೀನಿ."

ಅಂಬುಜಾ ಕೂಡ ಆ ಹಬ್ಬಕ್ಕೆ ಕರೆಸಿಕೊಂಡವರಲ್ಲಿ ಒಬ್ಬರು. ಮಾನಸಳಿಗೆ ನಗು ತಡೆಯಲಾಗಲಿಲ್ಲ. ಗೋಡೆಯ ಕಡೆ ತಿರುಗಿದಳು. ಇಂದ್ರಮ್ಮನಿಗೆ ನಗು ಬರಲಿಲ್ಲ. ಒಂದು ಮಾತು ಕೇಳಿದ್ದರೆ ಮುಗಿಯುತ್ತಿತ್ತು. ಮಗ ಮೇಲೆ ಹೋಗಿ ತಾಯಿಯನ್ನು ಕೇಳಲಿಲ್ಲ. ಕೆಳಗಿದ್ದವಳನ್ನು ಕಳ್ಳಿ ಮಾಡುವುದು ಅವನಿಗೆ ಅಷ್ಟು ಹತ್ತಿರದ ದಾರಿಯಾಗಿತ್ತು.

"ಮೇಡಂ," ಎಂದು ಅವಳು ಅಂಬುಜಾ ಕಡೆ ತಿರುಗಿದಳು. "ನಾನು ಕದ್ದಿದ್ದು ಒಂದೇ. ನಿಮ್ಮ ಟ್ಯೂಬಿಂದ ಐದಾರು ಸಲ ಬೆರಳಿಗೆ ತಗೊಂಡಿದೀನಿ, ನಿಮ್ಮನ್ನ ಕೇಳದೇನೇ. ಅದು ಕಳ್ತನ, ಒಪ್ಕೋತೀನಿ. ಬಟ್ಟೆ ಕಳ್ತನ ಒಪ್ಕೊಳಲ್ಲ."

"ನೀವೂ... ಅದೇ ಟ್ಯೂಬು..." ಅಂಬುಜಾ ತಮ್ಮ ಕೈಯನ್ನೇ ನೋಡಿಕೊಂಡರು.

"ಹೂಂ, ಅದೇ. ಲೋಟ ಬೇರೆ ಮಾಡಿದ್ರಿ. ಟ್ಯೂಬು ಬೇರೆ ಮಾಡಕ್ಕೆ ನಿಮಗೂ ಹೊಳೀಲಿಲ್ಲ, ನನಗೂ ಹೊಳೀಲಿಲ್ಲ. ಬೇರೆ ಮಾಡಿದ್ರೂ ಅದು ವಾಸಿ ಮಾಡೋ ಟ್ಯೂಬಲ್ಲ. ಮಾನಸ, ಇದನ್ನ ಜೋರಾಗಿ ಓದು. ಮುಖ ಎತ್ತಿ ಓದು."

ಮಾನಸ ಡಾಕ್ಟರಮ್ಮನ ಚೀಟಿಯನ್ನು ತೆಗೆದುಕೊಂಡು ಓದಿದಳು. ಅಂಗಡಿಯ ಟ್ಯೂಬು ಇವತ್ತೇ ನಿಲ್ಲಿಸಿ ಡಾಕ್ಟರ ಹತ್ತಿರ ಹೋಗಬೇಕು. ಗುರುತು ಮಾಸಿದ ಮೇಲೂ ಹೇಳಿದಷ್ಟು ದಿನ ಔಷಧ ಬಿಡಬಾರದು. ಮನೆಯಲ್ಲಿ ಇನ್ಯಾರಿಗಾದರೂ ಇದೆಯೇ ನೋಡಿಕೊಳ್ಳಬೇಕು. ಅವರವರ ಟವಲು, ಅವರವರ ಮ್ಯಾಟು. ಜಿಮ್ಮಾದ ಕೂಡಲೇ ಸ್ನಾನ, ಒಣ ಬಟ್ಟೆ. ಬೆವರಿನ ಬಟ್ಟೆ ಬಿಸಿನೀರಲ್ಲಿ ಒಗೆದು, ತಿರುವಿ ಬಿಸಿಲಿಗೆ ಹಾಕಬೇಕು. ಮ್ಯಾಟು ಔಷಧದಲ್ಲಿ ಒರೆಸಿ, ಆರಿದ ಮೇಲಷ್ಟೇ ಸುತ್ತಬೇಕು. ವಾಸಿಯಾಗುವವರೆಗೆ ಬೇರೆಯವರ ಮ್ಯಾಟು ಮುಟ್ಟುವ ಹಾಗಿಲ್ಲ.

ಓದು ಮುಗಿಯುವ ಹೊತ್ತಿಗೆ ಚೈತ್ರ ಕತ್ತಿನ ಹಿಂದೆ ಕೈ ಇಟ್ಟುಕೊಂಡು ಅಳುವಂತಾಗಿದ್ದಳು. "ನನ್ ಮಗೂಗೂ ಅದನ್ನೇ ಹಚ್ಚಿದೀನಿ ಆಂಟಿ. ಕೆನ್ನೆಗೆ."

ಮೊನ್ನೆ 'ಮೈ ಆಂಟಿ' ಎಂದಿದ್ದ ಬಾಯಿ ಅದೇ. ಇಂದ್ರಮ್ಮನಿಗೆ ಅವಳ ಮೇಲೆ ಕನಿಕರ ಬಂತು. ಕನಿಕರ ಬಂದಿತಲ್ಲ ಎಂದು ಸಿಟ್ಟೂ ಬಂತು. "ಇವತ್ತೇ ಆಸ್ಪತ್ರೆಗೆ ಕರ್ಕೊಂಡ್ ಹೋಗು," ಎಂದಷ್ಟೇ ಹೇಳಿದಳು.

"ನಾನು ಒಳ್ಳೇದಕ್ಕೇ ತಾನೇ ಇಟ್ಟಿದ್ದು?" ಅಂಬುಜಾ ಯಾರನ್ನೂ ನೋಡದೆ ಕೇಳಿದರು.

ಮಧುಕುಮಾರ ಗಂಟಲು ಸರಿಮಾಡಿಕೊಂಡ. "ಆಯ್ತು ಇಂದ್ರಮ್ಮ. ಏನೋ ಮಿಸ್ಟೇಕ್ ಆಯ್ತು. ಆ ಔಷಧ ಮುಗಿಸ್ಕೊಂಡು ಕೆಲ್ಸಕ್ಕೆ ಬನ್ನಿ. ಬಿಟ್ಟಾಕಿ."

"ಗ್ರೂಪಲ್ಲಿ ಹಾಕು."

"ಏನು?"

"ನನ್ನ ಹೆಸರು ಹಾಕಿ ತೆಗ್ದೆ ಅಂತ ಬರ್ದೆ ಅಲ್ವಾ? ಹೆಸರು ಹಾಕೇ ಬರಿ. ಇಂದ್ರಮ್ಮ ಬಟ್ಟೆ ಕದ್ದಿಲ್ಲ. ಬಾಟ್ಲೀಲಿ ಔಷಧ ಇರ್ಲಿಲ್ಲ. ಎರಡೂ ಬರಿ."

ಮಧುಕುಮಾರ ಮೊಬೈಲು ತೆಗೆದ. ಹೆಬ್ಬೆರಳು ಸ್ವಲ್ಪ ಹೊತ್ತು ಓಡಾಡಿತು. ಮಾನಸಳ ಮೊಬೈಲು ಟಿಂಗ್ ಎಂದಿತು. ಅವಳು ಓದಿದಳು: "ಕಾಣೆಯಾಗಿದ್ದ ವಸ್ತುಗಳು ಸಿಕ್ಕಿವೆ. ಇಂದ್ರಮ್ಮ ಅವರ ತಪ್ಪಿಲ್ಲ."

"ಇನ್ನೊಂದು?"

"ಇನ್ನೊಂದು ಹಾಕಿದ್ರೆ ನಾಳೆ ಜಿಮ್ಮಿಗೆ ಬೀಗ ಹಾಕ್ಬೇಕು. ಅರ್ಥ ಮಾಡ್ಕೊಳಿ. ಔಷಧ ಇವತ್ತೇ ತರಿಸ್ತೀನಿ, ಆಣೆ ಮಾಡಿ ಹೇಳ್ತೀನಿ. ಅದು ಸಾಲ್ದಾ?"

"ಕಾಯಿಲೆ ನಂದು ಅಂತ ಊರಿಗೆಲ್ಲಾ ಹೇಳಿದೀಯ. ನೀರು ನಿಂದು ಅಂತ ಹೇಳಕ್ಕೆ ಬೀಗ ನೆನಪಾಯ್ತಾ?"

"ಬಿಡಮ್ಮಿ ಇಂದ್ರಿ," ಎಂದರು ಮುನಿತಾಯಮ್ಮ. "ನಿಮ್ಮವ್ವ ಇದೇ ಮಣ್ಣಲ್ಲಿ ದುಡಿದೋಳು. ಮನೆ ಮಾತು ಬೀದೀಗೆ ಯಾಕೆ?"

"ನನ್ನ ಮಾತು ಬೀದೀಲಿ ಐತಲ್ಲ ಅಮ್ಮ. ಅದು ಯಾರ ಮನೆ ಮಾತು?"

ಅವಳು ಹೆಂಗಸರ ಕಡೆ ನೋಡಿದಳು. ಹದಿನಾಲ್ಕು ಜನರಲ್ಲಿ ಒಬ್ಬರಾದರೂ, ಅವನು ಬರೆಯದಿದ್ದರೆ ನಾನು ಬರೆಯುತ್ತೇನೆ ಎನ್ನುತ್ತಾರೇನೋ ಎಂದು ಕಾದಳು. ಕೆಲವರು ಬ್ಯಾಗು ತೆಗೆದುಕೊಂಡು ಹೊರಟರು. ಕೆಲವರು ಮಧುಕುಮಾರನ ಹತ್ತಿರ ಕಟ್ಟಿದ ಫೀಜು ವಾಪಸು ಕೇಳಲು ನಿಂತರು. ಬರೆಯುತ್ತೇನೆ ಎಂದವರು ಯಾರೂ ಇಲ್ಲ. ಇಂದ್ರಮ್ಮ ಮಾನಸಳ ಕೈಯಿಂದ ಚೀಟಿಯನ್ನು ಇಸಿದುಕೊಳ್ಳಲಿಲ್ಲ. ಅದು ಅವರಿಗೆಂದೇ ಬರೆಸಿದ್ದು. ಚಪ್ಪಲಿ ಮೆಟ್ಟಿಕೊಂಡು ಇಳಿದು ಬಂದಳು.

ಆಮೇಲಿನದು ಸ್ವಲ್ಪವೇ ಗೊತ್ತಿರುವುದು. ಇಂದ್ರಮ್ಮ ಆ ಕೆಲಸಕ್ಕೆ ಮತ್ತೆ ಹೋಗಲಿಲ್ಲ. ಪಾತ್ರೆ ತೊಳೆಯುವ ಮನೆಯವರು ಕಳ್ಳತನದ ಮಾತು ಸುಳ್ಳೆಂದು ತಿಳಿದ ಮೇಲೆ, ಗುರುತು ಪೂರ್ತಿ ಹೋದ ಮೇಲೆ ಬನ್ನಿ ಎಂದರು. ಅದಕ್ಕೆ ಆರು ವಾರ ಹಿಡಿಯಿತು. ಲತಾಳ ತೋಳಿನಲ್ಲೂ ಒಂದು ಕಾಣಿಸಿಕೊಂಡಿತ್ತು. ಇಬ್ಬರೂ ಔಷಧ ತಪ್ಪಿಸಲಿಲ್ಲ. ಜಿಮ್ಮಿನಲ್ಲಿ ಈಗ ಕಿಟಕಿ ತೆಗೆಯುತ್ತಾರೆ, ಮ್ಯಾಟುಗಳನ್ನು ತಾರಸಿಯ ಬಿಸಿಲಿಗೆ ಹಾಕುತ್ತಾರೆ ಎಂದು ಮಾನಸ ಫೋನಿನಲ್ಲಿ ಹೇಳಿದಳು. ಕೇಳಿ ಇಂದ್ರಮ್ಮನಿಗೆ ಸಂತೋಷವೇನೂ ಆಗಲಿಲ್ಲ. "ನಾನಿದ್ದಾಗ ಆ ಬಿಸಿಲು ಎಲ್ಲಿಗೋಗಿತ್ತು?" ಎಂದು ಫೋನು ಇಟ್ಟಳು. ಎರಡನೆಯ ಮೆಸೇಜು ಇವತ್ತಿಗೂ ಬಂದಿಲ್ಲ.

ಹುಳುಕಡ್ಡಿಯನ್ನು ಆ ಕೋಣೆಗೆ ಮೊದಲು ತಂದವರು ಯಾರು ಎಂಬುದು ಮಾತ್ರ ತಿಳಿಯಲಿಲ್ಲ. ಅಂಬುಜಾ ಇರಬಹುದು, ಚೈತ್ರಳ ಮಗು ಇರಬಹುದು, ಬೆಳಗಿನ ಬ್ಯಾಚಿನ ಯಾವನೋ ಗಂಡಸಿರಬಹುದು. ಇಂದ್ರಮ್ಮನೇ ಇರಬಹುದು. ತನ್ನ ಗುರುತು ಮೊದಲು ಕಡಿದದ್ದು ಯಾವ ದಿನ ಎಂದು ಅವಳು ಎಷ್ಟೋ ಸಲ ನೆನಪು ಮಾಡಿಕೊಳ್ಳಲು ನೋಡಿದಳು. ಆ ದಿನ ಅವಳಿಗೆ ನೆನಪಾಗಲಿಲ್ಲ. ಇದನ್ನು ಬರೆದವರಿಗೂ ಗೊತ್ತಿಲ್ಲ.